ತಟ್ಟೆಯ ಅಂಚಿನ ತುತ್ತು

ಅಮ್ಮನನ್ನು ಮಣ್ಣು ಮಾಡಿ ಬಂದ ಮೊದಲ ಭಾನುವಾರವೇ ನನ್ನ ನಾದಿನಿ, ಎಂದರೆ ತಮ್ಮನ ಹೆಂಡತಿ, ಪ್ರಾರ್ಥನಾ ಮಂದಿರದಲ್ಲಿ ರೊಟ್ಟಿಯ ತಟ್ಟೆಯಿಂದ ಏನೂ ತೆಗೆದುಕೊಳ್ಳದೆ ನನ್ನ ಕೈಗೆ ದಾಟಿಸಿದಳು. ಆ ರೊಟ್ಟಿಯನ್ನು ನಾದಿ ಬೇಯಿಸಿದವಳು ಅವಳೇ. ಹನ್ನೆರಡು ವರ್ಷದಿಂದ ಪ್ರತಿ ಶನಿವಾರ ಒಂದೇ ಹಿಟ್ಟಿನಲ್ಲಿ ಎರಡು ರೊಟ್ಟಿ ಮಾಡುತ್ತಾಳೆ. ದೊಡ್ಡದು ಮಂದಿರಕ್ಕೆ, ಚಿಕ್ಕದು ಮನೆಗೆ.

ನಮ್ಮ ಮಂದಿರವೆಂದರೆ ಟೈರ್ ಅಂಗಡಿಯ ಮೇಲಿನ ಒಂದು ಉದ್ದನೆಯ ಕೋಣೆ, ಏಳು ಸಾಲು ಬೆಂಚು. ಪಾದ್ರಿಗಳಿಲ್ಲ. ಹಿರಿಯರು ಮೂವರು, ಅವರಲ್ಲಿ ನನ್ನ ತಮ್ಮನೂ ಒಬ್ಬ; ಬೋಧನೆ ಮಾಡುವುದು ಅವನೇ. ರೊಟ್ಟಿ ಮುರಿದಿಟ್ಟ ತಟ್ಟೆ ಬೆಂಚಿನುದ್ದಕ್ಕೂ ಕೈಯಿಂದ ಕೈಗೆ ಹೋಗುತ್ತದೆ. ಒಪ್ಪಿಕೊಳ್ಳದ ಪಾಪವೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡವರು ತೆಗೆದುಕೊಳ್ಳದೆ ಮುಂದಕ್ಕೆ ದಾಟಿಸಬೇಕು. ನಾಲ್ಕು ಭಾನುವಾರ ಯಾರೂ ಏಕೆಂದು ಕೇಳುವ ಹಾಗಿಲ್ಲ. ಆಮೇಲೆ ಹಿರಿಯರು ಮನೆಗೆ ಬರುತ್ತಾರೆ. ಅವರ ಎದುರಿಗೂ ಬಾಯಿ ಬಿಡದಿದ್ದರೆ ಸಭೆಯಲ್ಲಿ ಹೆಸರು ಓದಿ ಹೊರಗೆ ಹಾಕುತ್ತಾರೆ.

ಅವಳು ಏಕೆ ದಾಟಿಸಿದಳೆಂದು ನನಗೆ ಗೊತ್ತಿತ್ತು. ನಾನು ನನ್ನ ತುಣುಕನ್ನು ತೆಗೆದುಕೊಂಡು ತಿಂದೆ. ಅದನ್ನು ಈಗಲೂ ನೆನೆಸಿಕೊಳ್ಳುತ್ತೇನೆ.

ಅಮ್ಮನ ವಿಷಯ ಮೊದಲು ಹೇಳಬೇಕು. ನನಗೆ ಏಳು ವರ್ಷವಿದ್ದಾಗ ಅಮ್ಮನಿಗೆ ಇನ್ನೊಂದು ಮಗು ಹುಟ್ಟಿತು. ಹನ್ನೊಂದು ದಿನ ಇತ್ತು. ತಲೆಗೆ ನೀರು ಹಾಕಿಸಿ ಹೆಸರಿಡಲು ಭಾನುವಾರಕ್ಕೆ ಕಾದಿದ್ದರು, ಶುಕ್ರವಾರವೇ ಮಗು ಹೋಯಿತು. ಆಗ ನಾವು ಹೋಗುತ್ತಿದ್ದದ್ದು ದೊಡ್ಡ ಚರ್ಚಿಗೆ. ಅಲ್ಲಿಯ ಪಾದ್ರಿಗಳು, ದೀಕ್ಷಾಸ್ನಾನವಾಗದ ಮಗು ದೇವರ ಮುಖ ನೋಡುವಂತಿಲ್ಲ ಎಂದು ಹೇಳಿ ಸ್ಮಶಾನದ ಗೋಡೆಯ ಆಚೆ ಸಮಾಧಿ ಮಾಡಿಸಿದರು. ಅಮ್ಮ ಅವರನ್ನು ಒಂದೇ ಮಾತು ಕೇಳಿದಳು: "ಇವತ್ತಿಗೆ ಮಾತ್ರಾನಾ, ಯಾವತ್ತಿಗೂನಾ?" ಯಾವತ್ತಿಗೂ ಎಂದರು. ಅಮ್ಮ ನನ್ನ ಕೈ ಹಿಡಿದುಕೊಂಡು ಗೇಟು ದಾಟಿ ಬಂದವಳು ಮತ್ತೆ ಯಾವ ಚರ್ಚಿನ ಮೆಟ್ಟಿಲನ್ನೂ ಹತ್ತಲಿಲ್ಲ.

ಅಲ್ಲಿಂದ ಮುಂದೆ ಐವತ್ತೈದು ವರ್ಷ, ಊಟಕ್ಕೆ ಕೂತಾಗಲೆಲ್ಲ ಮೊದಲ ತುತ್ತನ್ನು ತಟ್ಟೆಯ ಎಡ ಅಂಚಿಗೆ ಇಡುತ್ತಿದ್ದಳು. ಆ ಹನ್ನೊಂದು ದಿನ ಮಗುವನ್ನು ಎಡತೋಳಿನಲ್ಲಿ ಇಟ್ಟುಕೊಂಡೇ ಊಟ ಮಾಡಿದ್ದಳು. ಆ ತುತ್ತನ್ನು ಅವಳು ತಿನ್ನುತ್ತಿರಲಿಲ್ಲ, ಬೇರೆಯವರಿಗೂ ಕೊಡುತ್ತಿರಲಿಲ್ಲ. ತಮ್ಮ ಹುಟ್ಟಿದ್ದು ಎರಡು ವರ್ಷದ ನಂತರ. ಚಿಕ್ಕವನಿದ್ದಾಗ ಒಮ್ಮೆ ಆ ತುತ್ತನ್ನು ಎತ್ತಿ ಬಾಯಿಗೆ ಹಾಕಿಕೊಂಡ. ಅಮ್ಮ ಜೀವಮಾನದಲ್ಲಿ ಅವನಿಗೆ ಹೊಡೆದದ್ದು ಅದೊಂದೇ ಸಲ. ಏಕೆಂದು ಅವನಿಗೆ ಯಾರೂ ಹೇಳಲಿಲ್ಲ. ದೊಡ್ಡವನಾದ ಮೇಲೆ ಮಗುವಿನ ಸುದ್ದಿ ಹೇಳಿದೆ, ತುತ್ತಿನ ಸುದ್ದಿ ಹೇಳಲಿಲ್ಲ.

ತಮ್ಮನ ಕೆಲಸ ತಕ್ಕಡಿ ರಿಪೇರಿ. ನಾವೆಲ್ಲ ಒಟ್ಟಿಗಿರುವ ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ತರಕಾರಿಯವರ ತಕ್ಕಡಿಯಿಂದ ಹಿಡಿದು ಹಿಟ್ಟಿನ ಮಿಲ್ಲಿನ ದೊಡ್ಡ ಕಾಟಾದವರೆಗೆ ಎಲ್ಲ ಅವನ ಕೈಯಲ್ಲೇ ಸರಿಯಾಗಬೇಕು. ಹಿತ್ತಾಳೆಯ ತೂಕದ ಬಟ್ಟುಗಳನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ, ಚಿಮಟದಲ್ಲೇ ಎತ್ತುತ್ತಾನೆ. ಬೆರಳಿನ ಬೆವರಿಗೂ ಭಾರವಿದೆಯಂತೆ. ಕೂದಲೆಳೆ ಹೆಚ್ಚುಕಡಿಮೆ ಇದ್ದರೂ ಅವನಿಗೆ ಊಟ ಸೇರುವುದಿಲ್ಲ. ಬೋಧನೆಯೂ ಹಾಗೆಯೇ.

ಅಮ್ಮ ಹಾಸಿಗೆ ಹಿಡಿದ ಮೇಲೆ ಅವನ ಪ್ರಾಣ ಅವಳ ಬಾಯಿಂದ ಬರಬೇಕಾದ ಒಂದು ಹೆಸರಿನ ಮೇಲೆ ನಿಂತಿತು.

"ಅಮ್ಮ, ಕರ್ತನ ಹೆಸರು ಹೇಳು. ಒಂದೇ ಸಲ ಸಾಕು. ನಿನ್ನನ್ನ ಕಳ್ಕೊಳ್ಳೋಕೆ ನನ್ನ ಕೈಲಾಗಲ್ಲ."

"ನಾನೇನು ಛತ್ರೀನೇನೋ, ಬಸ್ಸಲ್ಲಿ ಬಿಟ್ಟು ಬರೋಕೆ?"

"ತಮಾಷೆ ಬೇಡ. ನರಕ ಅಂದ್ರೆ ಬೆಂಕಿ ಅಂತ ಮಕ್ಕಳಿಗೆ ಹೇಳೋದು. ಅದಕ್ಕಿಂತ ಘೋರ ಇನ್ನೊಂದಿದೆ. ದೇವರ ಮುಖ ಇನ್ನೆಂದೂ ಕಾಣದೆ ಇರೋದು. ಆಚೆ ಹೋದ್ರೆ ಮುಗೀತು, ತಿರುಗಿ ಬರೋ ದಾರಿ ಇಲ್ಲ."

"ಮುಖ ಕಾಣದೆ ಇರೋದು ಹೇಗಿರುತ್ತೆ ಅಂತ ನನಗೆ ಪಾಠ ಹೇಳ್ತೀಯಾ?" ಎಂದಳು ಅಮ್ಮ.

ಅವನು ತಲೆ ತಗ್ಗಿಸಿದ. "ಆ ಪಾದ್ರಿ ಹೇಳಿದ್ದು ತಪ್ಪಮ್ಮ. ಏನೂ ಅರಿಯದ ಕೂಸುಗಳನ್ನ ಕರ್ತ ಬಿಡಲ್ಲ. ಮಗು ಅವನ ಹತ್ರಾನೇ ಇದೆ. ನಮ್ಮ ಸಭೆ ಹಾಗೇ ನಂಬೋದು."

"ಅವರೂ ಅದೇ ಪುಸ್ತಕ ಹಿಡ್ಕೊಂಡು ಹೇಳಿದ್ದು, ನೀನೂ ಅದೇ ಪುಸ್ತಕ ಹಿಡ್ಕೊಂಡಿದ್ದೀಯ. ತೂಕದ ಬಟ್ಟೇ ಎರಡು ಥರ ಇದ್ರೆ ನಾನು ಯಾವ ತಕ್ಕಡಿ ನಂಬಲಪ್ಪ? ಅವರು ಹೇಳಿದ್ದೇ ನಿಜವಾಗಿದ್ರೆ? ಆ ಕಡೆ ಮಗು ಒಂದೇ ಇರುತ್ತೆ. ನಾನು ಈ ಕಡೆ ಬಂದು ಕೂತ್ರೆ ಅದನ್ನ ಎತ್ಕೊಳ್ಳೋರು ಯಾರು?"

ಕೊನೆಯ ಮೂರು ದಿನ ತಮ್ಮ ಊಟ ಬಿಟ್ಟ. ಹಾಸಿಗೆಯ ಪಕ್ಕದಲ್ಲಿ ಮೊಣಕಾಲೂರಿ ಕೂತೇ ಇದ್ದ. ನಾದಿನಿ ತಟ್ಟೆ ತಂದಿಟ್ಟರೆ ತಣ್ಣಗಾಗಿ ವಾಪಸು ಹೋಗುತ್ತಿತ್ತು. ನಾಲ್ಕನೆಯ ದಿನ ಮಧ್ಯಾಹ್ನ ಮಿಲ್ಲಿನ ಕಾಟಾ ಕಚ್ಚಿಕೊಂಡಿತು, ಲಾರಿಗಳು ಸಾಲುಗಟ್ಟಿ ನಿಂತಿವೆ ಎಂದು ಹೇಳಿ ಕಳಿಸಿದರು. ಒಂದು ಗಂಟೆಯಲ್ಲಿ ಬರುತ್ತೇನೆಂದು ಹೋದ.

ನಾನು ಗಂಜಿ ಬಸಿದು ಬಟ್ಟಲು ಹಿಡಿದು ಬಾಗಿಲಿಗೆ ಬಂದಿದ್ದೆ. ನಾದಿನಿ ಹೊಲಿಗೆಗೆ ಬಂದಿದ್ದ ಶಾಲೆಯ ಅಂಗಿಗಳಿಗೆ ಗುಂಡಿ ಹಚ್ಚುತ್ತ ಅಮ್ಮನ ಕಾಲ ಬಳಿ ಕೂತಿದ್ದಳು. ಅಮ್ಮ ಕಣ್ಣು ಬಿಟ್ಟು ಅವಳ ಕೈ ಹಿಡಿದಳು. ಮಾತು ಸಣ್ಣದಾಗಿದ್ದರೂ ಸ್ಪಷ್ಟವಾಗಿತ್ತು.

"ಅವನಿಗೆ ಊಟ ಹಾಕು. ನಾನು ಮಗು ಇರೋ ಕಡೇನೇ ಹೋಗ್ತೀನಿ. ಅದು ಎಲ್ಲಿದ್ರೂ ಸರಿ."

ಅಷ್ಟೇ. ಅರ್ಧ ಗಂಟೆ ಉಸಿರಾಡಿ ಹೋದಳು.

ತಮ್ಮ ಕೈತುಂಬ ಗ್ರೀಸು ಮೆತ್ತಿಕೊಂಡೇ ಓಡಿ ಬಂದ. ಅಮ್ಮನ ಮುಖ ನೋಡಿದ, ಹೆಂಡತಿಯ ಕಡೆ ತಿರುಗಿದ.

"ಹೇಳಿದ್ಲಾ? ಹೆಸರು ಹೇಳಿದ್ಲಾ?"

ನಾದಿನಿ ಅವನ ಕೈಗಳನ್ನೇ ನೋಡುತ್ತಿದ್ದಳು. ಆಮೇಲೆ, "ಹೇಳಿದ್ರು," ಎಂದಳು.

ಅವನು ಹಾಗೇ ನೆಲಕ್ಕೆ ಕುಸಿದು ಮಗುವಿನ ಹಾಗೆ ಅತ್ತ. ಬಹಳ ಹೊತ್ತಾದ ಮೇಲೆ ಎದ್ದು, "ಹಸಿವಾಗ್ತಿದೆ," ಎಂದ. ನನ್ನ ಕೈಯಲ್ಲಿದ್ದ ಗಂಜಿಯನ್ನೇ ಕುಡಿದ. ನಾನು ಏನೂ ಹೇಳಲಿಲ್ಲ.

*

ಸುಳ್ಳು ನಮ್ಮ ಮನೆಯೊಳಗೇ ಇದ್ದಿದ್ದರೆ ಹೇಗೋ ಇರುತ್ತಿತ್ತು. ಸಮಾಧಿಯ ದಿನವೇ ತಮ್ಮ ಎಲ್ಲರೆದುರು ಸಾಕ್ಷಿ ಹೇಳಿದ. ಐವತ್ತೈದು ವರ್ಷ ಮುಖ ತಿರುಗಿಸಿದ್ದ ತಾಯಿ ಕೊನೆಯ ಅರ್ಧ ಗಂಟೆಯಲ್ಲಿ ಹೆಸರು ಹೇಳಿದಳು ಎಂದ. ಜನ ಸ್ತೋತ್ರ ಸ್ತೋತ್ರ ಎಂದರು. ಮರುವಾರ ಅದನ್ನೇ ಮತ್ತೆ ಹೇಳಿಸಿದರು. ಅದರ ಮುಂದಿನ ವಾರ ಬೇರೆ ಸಭೆಯವರು ಕರೆದರು.

ಬೆಂಚಿನಲ್ಲಿ ನಮ್ಮ ಪಕ್ಕಕ್ಕೆ ಕೂರುವವಳು ಬಟನ್ ಅಂಗಡಿಯವಳು. ಗಂಡ ಕುಡಿದು ಕುಡಿದೇ ಸತ್ತವನು. ಅವಳು ಹೊರಗೆ ಮೆಟ್ಟಿಲಲ್ಲಿ ನಾದಿನಿಯನ್ನು ಹಿಡಿದುಕೊಂಡಳು.

"ಅಕ್ಕ, ನಿಮ್ಮತ್ತೆ ಜೋರಾಗಿ ಹೇಳಿದ್ರಾ, ಮೆಲ್ಲಗೆ ಹೇಳಿದ್ರಾ?"

"ಮೆಲ್ಲಗೆ."

"ನೋಡಿ! ಹಾಗಾದ್ರೆ ನಮ್ಮೋರೂ ಹೇಳಿರಬಹುದು. ತುಟಿ ಅಲ್ಲಾಡ್ತಿತ್ತು, ನನಗೆ ಕೇಳಿಸಲಿಲ್ಲ ಅಷ್ಟೇ. ಅಲ್ವಾ ಅಕ್ಕ?"

ನಾದಿನಿ ಅವಳ ಸೆರಗು ಸರಿಮಾಡಿ, "ಇರಬಹುದಮ್ಮ," ಎಂದಳು. ಮನೆಗೆ ಬಂದವಳೇ ಬಟ್ಟೆ ನೆನೆಸಿದಳು. ಒಗೆದದ್ದನ್ನೇ ಮತ್ತೆ ಒಗೆದಳು.

ಎರಡನೆಯ ಭಾನುವಾರವೂ ದಾಟಿಸಿದಳು. ಮೂರನೆಯದೂ.

ತಮ್ಮನ ಮಗಳು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೌಂಟರಿನಲ್ಲಿ ಕೂರುತ್ತಾಳೆ. ಇಪ್ಪತ್ತೆರಡು ವರ್ಷ. ನಾಲಿಗೆ ಹರಿತವೆಂದು ಅಮ್ಮ ಅವಳಿಗೆ ಕತ್ತರಿ ಎಂದು ಹೆಸರಿಟ್ಟಿದ್ದಳು. ಮೂರನೆಯ ವಾರ ಒಂದು ರಾತ್ರಿ ಊಟಕ್ಕೆ ಆಲೂಗಡ್ಡೆ ಬೇಯಿಸಿದ್ದೆವು. ಕತ್ತರಿ ತಟ್ಟೆ ಎಳೆದುಕೊಂಡು, "ಅಮ್ಮ, ನೀನು ಯಾಕೆ ತೆಳ್ಳಗಾಗ್ತಿದ್ದೀಯ?" ಎಂದಳು.

"ಬಿಸಿಲು."

"ಬಿಸಿಲಿಗೆ ಮಂದಿರದ ರೊಟ್ಟೀನೂ ಸೇರಲ್ವಾ?"

ತಮ್ಮ ಚಮಚ ಕೆಳಗಿಟ್ಟ. "ಅದನ್ನ ಕೇಳಬಾರದು. ನಾಲ್ಕು ವಾರ ಆಗಿಲ್ಲ."

"ನಾನು ಸಭೆಯಲ್ಲಿ ಕೇಳ್ತಿಲ್ಲಪ್ಪ, ಅಡುಗೆಮನೆಯಲ್ಲಿ ಕೇಳ್ತಿದ್ದೀನಿ. ಇಲ್ಲೂ ಬೆಂಚು ಹಾಕಿಸಿಬಿಡು."

"ಕತ್ತರಿ, ಊಟ ಮಾಡು," ಎಂದೆ ನಾನು.

"ಅತ್ತೆ, ನೀವಾದ್ರೂ ಹೇಳಿ. ಅಜ್ಜಿ ಇದ್ದಾಗ ಈ ಮನೇಲಿ ಜಗಳ ಇತ್ತು, ಆದ್ರೆ ಎಲ್ಲರೂ ಉಣ್ತಿದ್ರು. ಈಗ ಅಜ್ಜಿ ಸ್ವರ್ಗಕ್ಕೆ ಹೋಗಿದ್ದಾರೆ, ಮನೆ ನೋಡಿದ್ರೆ ಹೀಗಿದೆ."

ನಾದಿನಿ ಎದ್ದು ನೀರು ತರಲು ಹೋದಳು. ಹೂಜಿ ತುಂಬಿಯೇ ಇತ್ತು.

ನಾಲ್ಕನೆಯ ಭಾನುವಾರ ತಟ್ಟೆ ಅವಳ ಕೈಯಿಂದ ದಾಟಿ ನನಗೆ ಬಂದಾಗ ತಮ್ಮ ಎದುರಿನಿಂದ ನೋಡುತ್ತಿದ್ದ. ಅಂದು ಅಂಗಡಿ ಕೋಣೆಯಲ್ಲಿ ಅವಳನ್ನು ಕೇಳಿದ್ದು ನನಗೂ ಕೇಳಿಸಿತು.

"ನನ್ನ ಮೇಲೆ ಏನಾದ್ರೂ ಕೋಪ ಇದೆಯಾ? ನಾನು ಏನಾದ್ರೂ ಅಂದ್ನಾ?"

"ನಿಮ್ಮ ಮೇಲೆ ಏನಿಲ್ಲ."

"ಬುಧವಾರ ಅವರು ಬರ್ತಾರೆ. ಏನಿದ್ರೂ ಹೇಳಿಬಿಡು. ಹೇಳಿದ್ರೆ ಕ್ಷಮೆ ಇದೆ. ಹೇಳದೆ ಹಾಗೇ ಸತ್ತರೆ..." ಚಿಮಟ ಕೆಳಗಿಟ್ಟ ಸದ್ದಾಯಿತು. "ಅಮ್ಮ ಸಿಕ್ಕಿದ್ಲು, ಈಗ ನಿನ್ನನ್ನ ಕಳ್ಕೊಳ್ಳಲಾ?"

ಸ್ವಲ್ಪ ಹೊತ್ತಿಗೆ ಹೊಲಿಗೆ ಯಂತ್ರದ ಸದ್ದು ಬಂತು.

ಬುಧವಾರ ಸಂಜೆ ಇಬ್ಬರು ಹಿರಿಯರು ಬಂದರು. ಒಬ್ಬರು ಬಸ್ ಡ್ರೈವರ್, ಇನ್ನೊಬ್ಬರು ಛತ್ರಿ ಮಾರುವವರು. ಒಳ್ಳೆಯ ಜನ, ಅಮ್ಮನ ಪೆಟ್ಟಿಗೆಗೆ ಹೆಗಲು ಕೊಟ್ಟವರು. ತಕ್ಕಡಿಗಳ ನಡುವೆ ಸ್ಟೂಲಿನ ಮೇಲೆ ಕೂತು ಚಹಾ ಕುಡಿದರು. ಡ್ರೈವರ್ ಅಣ್ಣನೇ ಶುರು ಮಾಡಿದರು.

"ತಂಗೀ, ನಾವು ಪೊಲೀಸರಲ್ಲ. ಬ್ರೇಕ್ ಸರಿಯಿಲ್ಲ ಅಂತ ಗೊತ್ತಿದ್ದೂ ಗಾಡಿ ಓಡಿಸಬಾರದು, ಅಷ್ಟೇ. ಏನಿದೆ ಹೇಳಮ್ಮ."

"ನನ್ನದು ನನಗಿರಲಿ ಅಣ್ಣ."

"ಹಾಗಂದ್ರೆ ಭಾನುವಾರ ನಿನ್ನ ಹೆಸರು ಓದಬೇಕಾಗುತ್ತೆ. ನಿನ್ನ ಗಂಡನೇ ಓದಬೇಕು, ಬೋಧನೆ ಅವನದು."

"ಓದಲಿ."

ಛತ್ರಿಯವರು ಕಣ್ಣೊರೆಸಿಕೊಂಡರು. "ಹೊರಗಿರೋದು ಹುಡುಗಾಟ ಅಲ್ಲಮ್ಮ. ಇಲ್ಲಿ ಹೊರಗಾದೋರು ಅಲ್ಲೂ..."

"ಗೊತ್ತು ಅಣ್ಣ. ನಾನೂ ನಂಬೋದು ಅದನ್ನೇ. ಚಹಾಗೆ ಸಕ್ಕರೆ ಸಾಕಾ?"

ಅವರು ಹೋದ ಮೇಲೆ ತಮ್ಮ ಬಾಗಿಲು ಹಾಕಿ ಅಡುಗೆಮನೆಗೆ ಬಂದ. ನಾದಿನಿ ಲೋಟ ತೊಳೆಯುತ್ತಿದ್ದಳು. ಕತ್ತರಿ ಕೆಲಸದಿಂದ ಆಗಷ್ಟೇ ಬಂದು ಚೀಲವನ್ನೂ ಇಳಿಸದೆ ನಿಂತಿದ್ದಳು. ತಮ್ಮ ಹೆಂಡತಿಯ ಹಿಂದೆ ನಿಂತು ಎರಡೂ ಕೈ ಜೋಡಿಸಿದ. ಅವನು ಮನುಷ್ಯರಿಗೆ ಕೈ ಜೋಡಿಸಿದ್ದನ್ನು ನಾನು ಕಂಡಿರಲಿಲ್ಲ.

"ನಿನ್ನ ಹೆಸರು ನನ್ನ ಬಾಯಿಂದ ಓದಿಸಬೇಡ."

ಅವಳು ಲೋಟ ತೊಳೆಯುತ್ತಲೇ ಇದ್ದಳು. ನಾನು ಐದು ವಾರ ಬಾಯಿ ಹೊಲಿದುಕೊಂಡಿದ್ದೆ. ಹೇಳಿದರೆ ತಮ್ಮ ಒಡೆದುಹೋಗುತ್ತಾನೆ, ಹೇಳದಿದ್ದರೆ ಇವಳು ಹೋಗುತ್ತಾಳೆ. ಬಾಯಿ ಮುಚ್ಚಿಕೊಂಡಿರುವುದು ತಾಳ್ಮೆಯೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದು ತಾಳ್ಮೆಯಾಗಿರಲಿಲ್ಲ, ಹೆದರಿಕೆ.

"ಅಮ್ಮ ಹೆಸರು ಹೇಳಲಿಲ್ಲ," ಎಂದೆ.

"ಅಕ್ಕಾ!" ಎಂದು ನಾದಿನಿ ತಿರುಗಿದಳು. ಗಾಜಿನ ಲೋಟ ಕೈತಪ್ಪಿ ಬಿದ್ದು ಒಡೆಯಿತು.

"ನಾನು ಬಾಗಿಲಲ್ಲಿದ್ದೆ. ಗಂಜಿ ಬಟ್ಟಲು ಹಿಡ್ಕೊಂಡು. ಮಗು ಇರೋ ಕಡೇನೇ ಹೋಗ್ತೀನಿ ಅಂದ್ಲು, ಎಲ್ಲಿದ್ರೂ ಸರಿ ಅಂದ್ಲು. ಇವಳು ಹೇಳಿದ್ದು ಸುಳ್ಳು. ಸುಮ್ಮನಿದ್ದ ನಂದೂ ಸುಳ್ಳೇ."

ತಮ್ಮ ನನ್ನನ್ನು ನೋಡಿದ, ಅವಳನ್ನು ನೋಡಿದ. ಅವನ ದನಿ ಏರಲಿಲ್ಲ.

"ಸುಳ್ಳು ಹೇಳೋರ ಪಾಲು ಏನು ಅಂತ ನೀನು ನಂಬಲ್ವಾ?"

"ನಂಬ್ತೀನಿ."

"ನಂಬಿದ್ದೂ ಹೇಗೆ ಹೇಳಿದೆ?"

"ನೀವು ಮೂರು ದಿನದಿಂದ ಊಟ ಮಾಡಿರಲಿಲ್ಲ," ಎಂದಳು ನಾದಿನಿ. "ಅವನಿಗೆ ಊಟ ಹಾಕು ಅಂತ ಅತ್ತೆ ಹೇಳಿದ್ರು. ಇಲ್ಲ ಅಂದಿದ್ರೆ ನೀವು ಮತ್ತೆ ಉಣ್ತಿದ್ರಾ?"

"ಆಮೇಲಾದ್ರೂ ಹೇಳಬಹುದಿತ್ತಲ್ಲ! ಐದು ವಾರ!"

"ನಾನು ನಿಜ ಹೇಳಿದ್ರೆ ನಿಮ್ಮ ಪಾಲಿಗೆ ಅತ್ತೆ ನರಕಕ್ಕೆ ಹೋಗ್ತಾರೆ. ಹೇಳದೆ ಇದ್ರೆ ನಾನು. ಯಾರಾದ್ರೂ ಒಬ್ಬರು ತಾನೇ?"

ಕತ್ತರಿ ಚೀಲವನ್ನು ನೆಲಕ್ಕೆ ಹಾಕಿ ತನ್ನ ತಾಯಿಯನ್ನು ತಬ್ಬಿಕೊಂಡಳು. "ಅಪ್ಪ, ನೋಡು. ಅಜ್ಜಿ ಮಗುವಿಗೋಸ್ಕರ ಹೋಗ್ತೀನಿ ಅಂದ್ರು. ಅಮ್ಮ ಅಜ್ಜಿಗೋಸ್ಕರ. ಇಂಥೋರನ್ನೇ ಆಚೆ ತಳ್ಳಿದ್ರೆ ನಿನ್ನ ದೇವರ ಹತ್ರ ಉಳಿಯೋರು ಯಾರಪ್ಪ?"

ಬೇರೆ ದಿನವಾಗಿದ್ದರೆ ಬೈಯುತ್ತಿದ್ದ. ಅಂದು ಅವನಿಗೆ ಕೇಳಿಸಿತೋ ಇಲ್ಲವೋ. ಗೋಡೆಗೆ ಒರಗಿ ಕೂತ. ಅಲ್ಲಿಂದಲೇ ನನ್ನನ್ನು ಕರೆದ.

"ಅಕ್ಕ. ಮಗು ಅಲ್ಲಿಲ್ಲ."

"ಏನೋ?"

"ಮಗು ಕರ್ತನ ಹತ್ರ ಇದೆ. ನಾನು ಅದನ್ನ ಪೂರಾ ನಂಬ್ತೀನಿ. ಅಮ್ಮ ಅದಕ್ಕೋಸ್ಕರ ಆ ಕಡೆ ಹೋದ್ಲು. ಮಗು ಅಲ್ಲಿಲ್ಲ. ಅಮ್ಮ ಅಲ್ಲಿ ಹುಡುಕ್ತಾ ಇರ್ತಾಳೆ, ಅಕ್ಕ. ಯಾವತ್ತಿಗೂ ಹುಡುಕ್ತಾ ಇರ್ತಾಳೆ."

ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು. ಗೊತ್ತಿದ್ದದ್ದು ಒಂದೇ, ಅದನ್ನೇ ಹೇಳಿದೆ. "ನೀನು ಚಿಕ್ಕವನಿದ್ದಾಗ ಅಮ್ಮನ ತಟ್ಟೆಯಿಂದ ಒಂದು ತುತ್ತು ತಿಂದು ಏಟು ತಿಂದೆಯಲ್ಲ, ಅದು ಮಗುವಿನ ತುತ್ತು. ಸಾಯೋವರೆಗೂ ಇಟ್ಟಳು."

ಅವನು ಮುಖ ಮುಚ್ಚಿಕೊಂಡ. ನಾದಿನಿ ಒಡೆದ ಗಾಜನ್ನು ಆರಿಸಿದಳು. ಅಂದು ಮನೆಯಲ್ಲಿ ಯಾರೂ ಉಣ್ಣಲಿಲ್ಲ.

*

ಶನಿವಾರ ಅವಳು ಎಂದಿನಂತೆ ಹಿಟ್ಟು ನಾದಿದಳು. ಎರಡು ರೊಟ್ಟಿ.

ಭಾನುವಾರ ತಮ್ಮ ಎದ್ದು ನಿಂತ. ಕೈಯಲ್ಲಿ ಪುಸ್ತಕವಿರಲಿಲ್ಲ.

"ನನ್ನ ತಾಯಿಯ ವಿಷಯ ನಾನು ಹೇಳಿದ ಸಾಕ್ಷಿ ಸರಿಯಲ್ಲ," ಎಂದ. "ಅವಳು ಕರ್ತನ ಹೆಸರು ಹೇಳಲಿಲ್ಲ. ನಾನು ತೂಕ ತಪ್ಪಿ ಹೇಳಿದೆ. ಕೇಳಿದವರೆಲ್ಲ ಅದನ್ನ ಲೆಕ್ಕದಿಂದ ತೆಗೆದುಬಿಡಿ."

ಸುಳ್ಳು ಯಾರದೆಂದು ಹೇಳಲಿಲ್ಲ, ಹೆಂಡತಿಯ ಹೆಸರನ್ನೂ ಓದಲಿಲ್ಲ. ಡ್ರೈವರ್ ಅಣ್ಣ ಮುಂದಿನ ಸಾಲಿನಿಂದ, "ಹಾಗಾದ್ರೆ ನಿನ್ನ ತಾಯಿ..." ಎಂದು ನಿಲ್ಲಿಸಿದರು.

"ಗೊತ್ತಿಲ್ಲ ಅಣ್ಣ. ಮೂವತ್ತು ವರ್ಷ ಗೊತ್ತು ಅಂತ ಇಲ್ಲಿ ನಿಂತಿದ್ದೆ. ಈ ಒಂದನ್ನ ನನ್ನ ಕೈಲಿ ತೂಗೋಕೆ ಆಗ್ತಿಲ್ಲ. ಆಗೋವರೆಗೆ ಬೋಧನೆ ನೀವು ನೋಡ್ಕೊಳ್ಳಿ."

ನಮ್ಮ ಪಕ್ಕದಲ್ಲಿ ಬಟನ್ ಅಂಗಡಿಯವಳು ಎದ್ದಳು. ಚಪ್ಪಲಿ ಹುಡುಕಿ ಮೆಟ್ಟಿಕೊಂಡಳು. ಮೆಟ್ಟಿಲಿಳಿಯುವ ಸದ್ದು ಕೊನೆಯವರೆಗೂ ಕೇಳಿಸಿತು. ಅವಳು ಆಮೇಲೆ ಆ ಮಂದಿರಕ್ಕೆ ಬರಲೇ ಇಲ್ಲ. ನಾದಿನಿ ಎರಡು ಸಲ ಅವಳ ಮನೆಗೆ ಹೋಗಿ ಬಂದಳು, ಬಾಗಿಲು ತೆಗೆಯಲಿಲ್ಲವಂತೆ.

ತಮ್ಮ ಹಿಂದೆ ಬಂದು ಆ ಖಾಲಿ ಜಾಗದಲ್ಲಿ ಕೂತ. ಛತ್ರಿಯವರು ರೊಟ್ಟಿ ಮುರಿದರು. ತಟ್ಟೆ ಬಂತು. ನಾದಿನಿ ನನಗೆ ದಾಟಿಸಿದಳು. ಈ ಸಲ ನಾನೂ ತೆಗೆದುಕೊಳ್ಳದೆ ತಮ್ಮನಿಗೆ ಕೊಟ್ಟೆ. ಅವನು ತಟ್ಟೆಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದ, ಆಮೇಲೆ ಹಿಂದಿನ ಬೆಂಚಿಗೆ ದಾಟಿಸಿದ.

ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕೂತೆವು. ಹುರುಳಿಕಾಯಿ ಬೇಯಿಸಿದ್ದು ಇತ್ತು, ಮೊಟ್ಟೆ ಇತ್ತು, ಚಿಕ್ಕ ರೊಟ್ಟಿ ಇತ್ತು. ಊಟದ ಪ್ರಾರ್ಥನೆ ಯಾವಾಗಲೂ ತಮ್ಮನದು. ನಾವು ತಲೆ ತಗ್ಗಿಸಿ ಕಾದೆವು. ಅವನು ಏನೂ ಹೇಳಲಿಲ್ಲ. ರೊಟ್ಟಿಯನ್ನು ಕೈಯಿಂದಲೇ ಮುರಿದು ಮೊದಲು ಹೆಂಡತಿಯ ತಟ್ಟೆಗೆ ಇಟ್ಟ, ಆಮೇಲೆ ನನಗೆ, ಮಗಳಿಗೆ. ತನ್ನ ಪಾಲಿನಿಂದ ಒಂದು ತುತ್ತು ಕಿತ್ತು ತಟ್ಟೆಯ ಅಂಚಿಗೆ ಇಟ್ಟ. ಅದನ್ನೇ ನೋಡುತ್ತ ಇನ್ನೊಂದು ಕಿತ್ತು ಅದರ ಪಕ್ಕಕ್ಕೆ ಇಟ್ಟ.

ಕತ್ತರಿ ಬಾಯಿ ತೆರೆದಳು, ಮತ್ತೆ ಮುಚ್ಚಿದಳು.

"ಅಕ್ಕ, ಅಮ್ಮ ಯಾವ ಕಡೆ ಇಡ್ತಿದ್ಲು?"

"ಎಡಗಡೆ."

ಅವನು ಎರಡೂ ತುತ್ತುಗಳನ್ನು ಬೆರಳಿನಿಂದ ಎಡಕ್ಕೆ ಸರಿಸಿದ. ಆಮೇಲೆ ನಾವು ಊಟ ಮಾಡಿದೆವು. ನಾದಿನಿ ತನ್ನ ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ತಿಂದಳು.